ಅತ್ತಿಗೆಯ ವಿಳಾಸ

"ಅಡ್ರೆಸ್ಸೊಂದು ಹೇಳಿಬಿಡೇ, ಹೋಗಿ ತಪ್ಪಾಯ್ತು ಅಂತೀನಿ," ಎಂದು ಅಣ್ಣ ತಂಗಿಯ ಕುರ್ಚಿ ಹಿಡಿದು ಗೋಗರೆದ. ಅವನನ್ನು ಬಿಟ್ಟುಹೋದ ಅತ್ತಿಗೆ ಅವಳ ಸಹಪಾಠಿಯೂ ಹೌದು. ಹಳೆಯ ವಿದ್ಯಾರ್ಥಿಗಳ ವೆಬ್‌ಸೈಟ್ ನೋಡಿಕೊಳ್ಳುವುದು ತಂಗಿಯೇ; ಆ ಗೆಳೆತನ ನಂಬಿ ಅತ್ತಿಗೆ ತನ್ನ ಹೊಸ ವಿಳಾಸ ಕೊಟ್ಟಿದ್ದಳು. ಯಾರಿಗೂ ತೋರಿಸಬೇಡವೆಂದು ಕೇಳಿಕೊಂಡಿದ್ದಳು.

ತಂಗಿ ಸೋತುಹೋಗಿದ್ದಳು. ಅತ್ತಿಗೆಯ ಬಗ್ಗೆ ಯಾರೋ ಸುಳ್ಳು ಹೆಸರಿನಲ್ಲಿ ಆ ವೆಬ್‌ಸೈಟಿಗೆ ಕಳಿಸುತ್ತಿದ್ದ ಹೊಲಸು ಬರಹಗಳನ್ನು ಬೆಳಗಿನಿಂದ ಒಬ್ಬಳೇ ಓದಿ, ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಅಳಿಸುತ್ತ ಕೂತಿದ್ದಳು. ಇವನಾದರೂ ಕ್ಷಮೆ ಕೇಳುತ್ತೇನೆನ್ನುತ್ತಾನಲ್ಲ ಎಂದು ಮನಸ್ಸು ಕರಗಿತು. ವಿಳಾಸ ಹುಡುಕಲು ಅತ್ತಿಗೆಯ ಹೆಸರು ಟೈಪ್ ಮಾಡಿ, ಮತ್ತೆ ತಡೆದುಕೊಂಡಳು.

"ಇದಕ್ಕೂ ಮೀನಮೇಷಾನಾ?" ಅಣ್ಣ ರೇಗಿದ. "ಬೆಳಗಿಂದ ಬರೆದಿದ್ದೆಲ್ಲ ಅಳಿಸ್ತಾನೇ ಇದೀಯ. ಯಾರ ಕಡೆ ನೀನು?"

ದನಿ ಏರಿಸುವ ತ್ರಾಣವೂ ತಂಗಿಗಿರಲಿಲ್ಲ. "ನಾನು ಅಳಿಸಿದ್ದು ಗೊತ್ತಿರೋದು ಇಬ್ಬರಿಗೇ, ಅಣ್ಣ. ಅಳಿಸಿದ ನನಗೆ, ಬರೆದವನಿಗೆ," ಎಂದು ಲ್ಯಾಪ್‌ಟಾಪ್ ಮುಚ್ಚಿದಳು.