ಅಪ್ಪ ಕುಡಿದುಳಿದ ನೀರು

ಹಿಮ ಬೀಳುವುದೇ ನಿಂತುಹೋಗಿ ಬತ್ತತೊಡಗಿದ ಮೇಲೆ ಹಿಮಾಲಯದ ಆ ಸರೋವರಕ್ಕೆ ಹತ್ತಿ ಬರುವವರೇ ನೀರು ತುಂಬಬೇಕು. ತಲೆಗೊಂದು ಬಾಟಲಿ. ನಾನು ಬೆಳಿಗ್ಗೆ ತಪ್ಪಲಿನ ನಲ್ಲಿಯಲ್ಲಿ ಹಿಡಿದುಕೊಂಡಿದ್ದೆ. ಅಮ್ಮ ಮಾತ್ರ, ಅಪ್ಪ ಆಸ್ಪತ್ರೆಯಲ್ಲಿ ಅರ್ಧ ಕುಡಿದು ಬಿಟ್ಟಿದ್ದ ಬಾಟಲಿಯನ್ನೇ ಟವೆಲಿನಲ್ಲಿ ಸುತ್ತಿಕೊಂಡು ತಿಪಟೂರಿನಿಂದ ತಂದಿದ್ದಳು. ಮದುವೆಗೆ ಮುಂಚೆ ಅಪ್ಪ ಇಲ್ಲಿ ಈಜಿದ್ದರಂತೆ. ಜೂನ್ ಬಿಸಿಲಲ್ಲಿ ಆರು ಗಂಟೆ ಹತ್ತಿದೆವು. ನಾಲಿಗೆ ಒಣಗಿದರೂ ಅಮ್ಮ ಅದರ ಮುಚ್ಚಳ ತೆಗೆಯಲಿಲ್ಲ.

ದಡದಲ್ಲಿ ಕಾವಲಿನ ಹೆಂಗಸು ಎಲ್ಲರ ನೀರಿಗೂ ಕಾಗದದ ಪಟ್ಟಿ ಅದ್ದಿ ನೋಡುತ್ತಿದ್ದಳು. ನನ್ನದು ಬೆಳ್ಳಗೇ ಉಳಿಯಿತು. ಅಮ್ಮನದು ಕೆಂಪಾಯಿತು.

"ಎಂಜಲು ನೀರು ಸುರಿಯುವಂತಿಲ್ಲ," ಎಂದು ಅವಳು ಹಿಂದಿಯಲ್ಲಿ ಅಂದದ್ದನ್ನು ಅಮ್ಮನಿಗೆ ಹೇಳಿದೆ.

ಅಮ್ಮ ರೇಗಿದಳು. "ನಿಮ್ಮಪ್ಪ ಒಂದು ದಿನಾನೂ ಬಾಟ್ಲಿ ಕಚ್ಚಿ ಕುಡಿದೋರಲ್ಲ. ಅಂಗಿಯೆಲ್ಲಾ ನೆನೆದ್ರೂ ಎತ್ತೇ ಕುಡಿಯೋರು. ಹೇಳೇ ಅವಳಿಗೆ!"

ನಾನು ಅಮ್ಮನ ಕಡೆಗೇ ತಿರುಗಿದೆ. ಕೊನೆಯ ದಿನ ಅಮ್ಮ ಮಾತ್ರೆ ತರಲು ಕೆಳಗೆ ಹೋಗಿದ್ದಾಗ, ಅಪ್ಪನಿಗೆ ಕೈ ಎತ್ತಲಾಗದೆ, ನಾನೇ ಬಾಟಲಿಯನ್ನು ತುಟಿಗಿಟ್ಟಿದ್ದೆ. "ನಿಮ್ಮಮ್ಮನಿಗೆ ಹೇಳಬೇಡ," ಎಂದು ನಕ್ಕಿದ್ದರು. ಅದನ್ನು ಈಗ ಅಮ್ಮನಿಗೆ ಹೇಳಿದೆ.

ಅಮ್ಮ ಬೈಯಲಿಲ್ಲ. ನನ್ನ ನೀರು ಸರೋವರಕ್ಕೆ ಬೀಳುವುದನ್ನು ನೋಡುತ್ತ ಬಂಡೆಯ ಮೇಲೆ ಕೂತಳು. ಆಮೇಲೆ ಟವೆಲು ಬಿಚ್ಚಿ, ಮುಚ್ಚಳ ತೆಗೆದು, ಜನ್ಮದಲ್ಲಿ ಮೊದಲ ಸಲ ಬಾಟಲಿ ಕಚ್ಚಿ ಕುಡಿದಳು. ನಿಧಾನವಾಗಿ, ಕಣ್ಣು ಮುಚ್ಚಿಕೊಂಡು. ನನಗೂ ಬಾಯಾರಿತ್ತು. ಅಮ್ಮ ಒಂದು ಹನಿಯನ್ನೂ ಉಳಿಸಲಿಲ್ಲ.