ಹಳೇ ಗರಗಸದ ಟ್ಯಾಂಕು

ಇದನ್ನು ಹೇಳುವಷ್ಟು ದೊಡ್ಡವನಲ್ಲ ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮೂರಿನ ಮರ ಕೊಯ್ಯುವ ಪಂದ್ಯದಲ್ಲಿ ಮೆಕ್ಯಾನಿಕ್‌ನ ಹೊಸ ಚೈನ್ ಗರಗಸ ಆಗಲೇ ದಿಮ್ಮಿ ಕೊಯ್ದು ಮುಗಿಸಿತ್ತು. ಅದನ್ನು ಸೋಲಿಸುತ್ತೇನೆಂದು ವರ್ಷವಿಡೀ ಕೊಚ್ಚಿಕೊಂಡಿದ್ದ ಬಡಗಿಯ ಹಳೆಯದು ಮಾತ್ರ, ಸ್ಟಾರ್ಟ್ ಮಾಡಲು ಎಷ್ಟು ಸಲ ಹಗ್ಗ ಎಳೆದರೂ ಕೆಮ್ಮಿ ಸುಮ್ಮನಾಗುತ್ತಿತ್ತು.

"ನಿಮ್ಮ ಅಜ್ಜಿಗೆ ದಮ್ಮು ಕಣಣ್ಣಾ!" ಎಂದು ಯಾರೋ ಆ ಹಳೇ ಗರಗಸ ತೋರಿಸಿ ನಗಿಸಿದರು. ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. "ಪೆಟ್ರೋಲ್ ಹಳಸಿದೆಯಣ್ಣಾ. ಚೆಲ್ಲಿ ನನ್ನದು ಹಾಕು, ಇನ್ನೊಂದು ದಿಮ್ಮಿ ಇಟ್ಟು ಮತ್ತೆ ಕೊಯ್ಯೋಣ, ನೀನೇ ಗೆಲ್ತೀಯ."

ಬಡಗಿ ಮುಚ್ಚಳ ಕಸಿದುಕೊಂಡು ಬಿಗಿಯಾಗಿ ತಿರುಗಿಸಿದ. "ಈ ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸಿದ್ದು ನನ್ನ ಹೆಂಡತಿ, ಆಸ್ಪತ್ರೆಗೆ ಸೇರಿದ ದಿನ ಬೆಳಗ್ಗೆ. ಉರಿದರೆ ಗರಗಸದಲ್ಲೇ ಉರೀಲಿ, ಮಣ್ಣಿಗೆ ಚೆಲ್ಲಲ್ಲ. ಸೋತೆ ಅಂತಲೇ ಇಟ್ಕೊಳ್ಳಿ."

ಅವಳು ತೀರಿಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು. ಟ್ಯಾಂಕು ಸೋರದಂತೆ ಗರಗಸವನ್ನು ನೆಟ್ಟಗೆ ಹಿಡಿದು ಅವನು ಒಬ್ಬನೇ ಮನೆಗೆ ಹೊರಟ. ಆಮೇಲೆ ಅದನ್ನು ಏನು ಮಾಡಿದನೋ, ನನಗೆ ಗೊತ್ತಿಲ್ಲ.