ಪಾಟೀಸವಾಲಿನ ತಾಲೀಮು

"ಗಂಡನ ಹೆಸರು ಹೇಳು," ಎಂದ ವಿಜಯ.

"ನಿಮ್ಮಜ್ಜಾ," ಎಂದಳು ಅಜ್ಜಿ ಸೋಮವ್ವ. ಶೇಂಗಾ ಸುಲಿಯುತ್ತಿದ್ದ ಕೈ ನಿಲ್ಲಲಿಲ್ಲ.

"ಆಯೀ, ಕೋರ್ಟಿನ್ಯಾಗ ಹಂಗ ಅಂದ್ರ ಜಡ್ಜ್ ಸಾಹೇಬ್ರು, ನಮ್ಮಜ್ಜ ನಿನಗ ಯಾವಾಗ ಗಂಡ ಆಗಿದ್ದಬೇ ಅಂತ ಕೇಳತಾರ."

"ಕೇಳ್ಲಿ ಬಿಡು. ಐವತ್ತು ವರ್ಷ ಬಾಯಿಲೆ ಅಂದಿಲ್ಲ, ಈಗೇನ ಅನ್ನೂದು? ನೀ ಬಾಜೂಕ ನಿಂತಿರತಿ, ನೀನ ಹೇಳು."

ವಿಜಯನಿಗೆ ಬೆಳಗಾವಿಯಲ್ಲಿ ಲಾ ಓದಲು ಸೀಟು ಸಿಕ್ಕಿತ್ತು. ಸೋಮವಾರ ಮೊದಲ ತರಗತಿ. ಟ್ರಂಕಿಗೆ ಬಣ್ಣ ಹಚ್ಚಿಸಿಯಾಗಿತ್ತು, ರಾಮದುರ್ಗದ ವಕೀಲರೊಬ್ಬರನ್ನು ಕಾಡಿ ಹಳೆಯ ಪುಸ್ತಕವೊಂದನ್ನು ತನ್ನೂರು ಸಾಲಹಳ್ಳಿಗೆ ತಂದೂ ಆಗಿತ್ತು. ಅದರಲ್ಲಿ ಅವನಿಗೆ ಹಿಡಿಸಿದ್ದು ಒಂದೇ ಅಧ್ಯಾಯ: ಎದುರು ಪಕ್ಷದ ವಕೀಲ ಸಾಕ್ಷಿಯನ್ನು ಕೇಳಿ ಕೇಳಿ ಸಿಕ್ಕಿಸುವ ಪಾಟೀಸವಾಲು. ಮನೆಯಲ್ಲೇ ಒಬ್ಬ ಸಾಕ್ಷಿಯೂ ಇದ್ದಳಲ್ಲ! ಓಣಿಯ ಮಾಯವ್ವನ ಹೊಲದ ಗಡಿಯ ಬಾಂದುಗಲ್ಲನ್ನು ಪಕ್ಕದ ಹೊಲದ ಮುದಕಪ್ಪ ಕಿತ್ತು, ಅವಳ ಹೊಲದೊಳಗೆ ನಾಲ್ಕು ಸಾಲು ಸರಿಸಿ ಹುಗಿದಿದ್ದ. ಕಣ್ಣಾರೆ ಕಂಡವಳು ಸೋಮವ್ವ ಒಬ್ಬಳೇ. ನಾಳೆ ರಾಮದುರ್ಗದ ಕೋರ್ಟಿನಲ್ಲಿ ಅವಳ ಸಾಕ್ಷಿ. ಅದು ಬಿದ್ದರೆ, ಗಂಡನಿಲ್ಲದ ಮಾಯವ್ವನ ಕೇಸೂ ಬಿದ್ದಂತೆಯೇ.

"ಕಲ್ಲು ಕಿತ್ತಾಗ ಎಷ್ಟು ಗಂಟೆ ಆಗಿತ್ತು?"

"ಬುತ್ತಿ ಒಯ್ಯೂ ಹೊತ್ತು."

"ಗಂಟೆ ಹೇಳಬೇ."

"ಹನ್ನೊಂದು... ಹನ್ನೆರಡು ಆಗಿದ್ದೀತು."

"ಹನ್ನೊಂದೋ ಹನ್ನೆರಡೋ? ಒಂದು ತಾಸಿನ ಫರಕ್ ಐತಿ!" ವಿಜಯ ಎದ್ದು ನಿಂತ. ಟವೆಲನ್ನು ಹೆಗಲ ಮೇಲೆ ಕರಿ ಗೌನಿನಂತೆ ಎಳೆದುಕೊಂಡ. "ಎಷ್ಟು ಫೂಟು ದೂರ ಇದ್ದಿ?"

"ನಮ್ಮ ಬೇವಿನ ಗಿಡದ ಬುಡಕ ನಿಂತಿದ್ದೆ. ಅಲ್ಲೇ, ಸನೇಕ."

"ಫೂಟು ಕೇಳಾಕ ಹತ್ತೇನಿ."

"ನನಗೇನ ಗೊತ್ತೋ... ನೂರಿದ್ದೀತು. ಇನ್ನೂರು?"

"ಆತು. ತಲಿ ಮ್ಯಾಲ ಬುತ್ತಿ ಬುಟ್ಟಿ ಇತ್ತು, ಹೌದಿಲ್ಲೋ? ಬುಟ್ಟಿ ಇದ್ದಾಗ ಕುತ್ತಿಗಿ ಹೊಳ್ಳಿಸಾಕ ಬರತೈತೇನು? ಆಪರೇಷನ್ ಮಾಡಿಸಿ ಪರದೆ ತಗಸಿದ್ದು ಒಂದ ಕಣ್ಣಿಂದು. ಇನ್ನೊಂದು ಮಬ್ಬ ಐತಿ. ಹಂಗಾದ್ರ ಅಂವ ಮುದಕಪ್ಪನ ಅಂತ ಹೆಂಗ ಹೇಳತಿ?"

ಶೇಂಗಾ ಸುಲಿಯುವ ಕೈ ಈಗ ನಿಂತಿತು. ಸೋಮವ್ವ ಮಬ್ಬುಗಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. "ನೀ ಅನ್ನೂದೂ ಖರೇ ಐತಿ," ಎಂದಳು.

ವಿಜಯ ಖುಷಿಯಿಂದ ತೊಡೆ ತಟ್ಟಿಕೊಂಡ. ಪುಸ್ತಕದಲ್ಲಿ ಬರೆದಂತೆಯೇ ಆಗಿತ್ತು.

ಅಷ್ಟರಲ್ಲಿ ಮಾಯವ್ವ ಬಾಗಿಲಿಗೆ ಬಂದಳು. "ಅತ್ತೀ, ನಾಳೆ ಎಂಟರ ಬಸ್ಸಿಗೆ ಹೋಗೂಣ್ರಿ. ರೊಟ್ಟಿ ನಾ ಕಟಗೊಂತೇನಿ, ನೀವೇನೂ ತರಬ್ಯಾಡ್ರಿ."

"ನಾ ಬರೂದಿಲ್ಲ ಮಾಯವ್ವ."

"ಅಯ್ಯ, ಯಾಕ್ರೀ? ಆರಾಮಿಲ್ಲೇನು?"

"ನೋಡೇನಿ ಅಂತ ಮಾಡಿದ್ದೆ. ಈ ಹುಡುಗ ಕೇಳಿದ ಮ್ಯಾಲ ನೋಡಿಲ್ಲೇನೋ ಅನಸಾಕ ಹತ್ತೇತಿ. ದೇವರ ಮ್ಯಾಲ ಆಣಿ ಮಾಡಿ ಸುಳ್ಳ ಹೇಳಲೇನವಾ?"

ಮಾಯವ್ವ ಹೊಸ್ತಿಲ ಮೇಲೆಯೇ ಕುಳಿತಳು. ವಿಜಯನ ಹೆಗಲ ಟವೆಲು, ನೆಲದ ಮೇಲೆ ತೆರೆದು ಬಿದ್ದ ಪುಸ್ತಕ, ಎರಡನ್ನೂ ನೋಡಿ ಅವಳಿಗೆ ವಿಷಯ ತಿಳಿಯಿತು. "ವಿಜಯಪ್ಪ, ಮುದಕಪ್ಪನ ವಕೀಲ ಫೀ ತಗೊಂಡು ನಾಳೆ ಮಾಡೂ ಕೆಲಸ ನೀ ಇವತ್ತ ಪುಕ್ಕಟ ಮಾಡಿ ಕೊಟ್ಟೆಲ್ಲೋ!" ಎಂದು ಎದ್ದು ಹೋದಳು. ಕೂಗಾಡಿದ್ದರೆ ಚೆನ್ನಾಗಿತ್ತು ಎನಿಸಿತು ವಿಜಯನಿಗೆ.

"ಆಯೀ, ನಾ ಬರೇ ತಾಲೀಮು ಮಾಡಿದ್ನಿಬೇ. ನಾಳೆ ಕೇಳಿದ್ರ ಹನ್ನೊಂದೂವರಿ ಅನ್ನು, ನೂರು ಫೂಟು ಅನ್ನು, ಮುಗೀತು."

"ಅದು ಖರೇ ಏನು?"

ವಿಜಯ ಪುಸ್ತಕ ಮುಚ್ಚಿಟ್ಟ. ಟವೆಲನ್ನು ಹೆಗಲಿನಿಂದ ತೆಗೆದು, "ಏಳು, ಹೊಲಕ್ಕ ಹೋಗಿ ಬರೂಣು," ಎಂದ.

ಹೆಸರಿನ ಬೆಳೆ ಮೊಣಕಾಲುದ್ದ ಬಂದಿತ್ತು. ಅಜ್ಜಿಯನ್ನು ಬೇವಿನ ಗಿಡದ ಬುಡದಲ್ಲಿ ನಿಲ್ಲಿಸಿ ಅವನು ಬದುವಿನ ಗುಂಟ ನಡೆದು, ಮೊದಲು ಕಲ್ಲಿದ್ದ ಜಾಗದಲ್ಲಿ ನಿಂತ. ಒಂದು ಕಾಲಿನ ಚಪ್ಪಲಿಯನ್ನು ಸದ್ದಿಲ್ಲದೆ ಬಿಟ್ಟು, "ನಾ ಹೆಂಗ ಅದೇನಿ, ಹೇಳು!" ಎಂದು ಕೂಗಿದ.

"ಬಲಗಾಲಾಗ ಚಪ್ಪಲಿ ಯಾಕ ಬಿಟ್ಟೀಯೋ ಭಾಡ್ಯಾ? ಜಾಲಿ ಮುಳ್ಳ ಬಿದ್ದಾವ, ಮೆಟಗೋ!"

ವಿಜಯ ಜೋರಾಗಿ ನಕ್ಕ. "ಕಾಣತೈತಿ ಹಂಗಾರ! ತಡಿ, ಎಷ್ಟು ದೂರ ಐತಿ ಅಂತ ನಾ ಅಳದು ಬರಕೊಂತೇನಿ," ಎಂದು ಜೇಬಿನಿಂದ ಪೆನ್ನು ತೆಗೆದ.

"ನೀ ಅಳೀಬ್ಯಾಡ," ಎಂದಳು ಸೋಮವ್ವ. "ನಿನ್ನ ಫೂಟು ನಿನ್ನ ಹಂತೇಕ ಇರಲಿ. ಕಂಡಾಕಿ ನಾನು, ಆಣಿ ಮಾಡಾಕಿ ನಾನು."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಟ್ಟಿಯಾಗಿ ಎಣಿಸುತ್ತ ಬದುವಿನ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆ ಇಡತೊಡಗಿದಳು. ಇಪ್ಪತ್ತಾದಾಗೊಮ್ಮೆ ಒಂದು ಬೆರಳು ಮಡಚಿದಳು. ಮತ್ತೆ ಒಂದರಿಂದ ಸುರು. ಮೂರು ಬೆರಳು ಮಡಚಿ, ಇನ್ನಾರು ಹೆಜ್ಜೆ ಇಟ್ಟು, ಕಲ್ಲಿದ್ದ ಕುಳಿಯ ಹತ್ತಿರ ನಿಂತು ದಣಿವಾರಿಸಿಕೊಂಡಳು.

"ಮೂರಿಪ್ಪತ್ತು ಹೆಜ್ಜಿ, ಮ್ಯಾಲ ಆರು. ಮಾಯವ್ವಗ ಎಂಟರ ಬಸ್ಸಿಗೆ ಆಯಿ ಬರತಾಳಂತ ಹೇಳು. ಅಂವ ವಕೀಲ ಏನ ಕೇಳತಾನ ಕೇಳ್ಲಿ."

"ಅರವತ್ತಾರು ಅನ್ನಬೇಕು," ಎನ್ನಲು ಬಾಯಿ ತೆರೆದ ವಿಜಯ, ಹಾಗೆಯೇ ಮುಚ್ಚಿಕೊಂಡ.